ತಂಡಕ್ಕೆ ಪ್ರಶಸ್ತಿ ಬಂತು ಸರಿ, ಯಾರಿಗೆ ಬಂತು?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಪಟ್ಟಿ ಬಿಡುಗಡೆ ಮಾಡಿತು. ಪಟ್ಟಿಯಲ್ಲಿ 24 ಹೆಸರು. 23 ಮನುಷ್ಯರವು, ಒಂದು ಯೋಜನೆಯದ್ದು. ‘ವಿಜ್ಞಾನ ಟೀಮ್’ ಅನ್ನುವ ವಿಭಾಗದಲ್ಲಿ ಆ ವರ್ಷ ಇದ್ದದ್ದು ಒಂದೇ ಸಾಲು: ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಅರೋಮಾ ಮಿಷನ್ ತಂಡ. ಜಮ್ಮು-ಕಾಶ್ಮೀರದ ಗುಡ್ಡಗಾಡಿನ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಬೆಳೆಯುವಂತೆ ಮಾಡಿದ ಯೋಜನೆ ಅದು.

ಸುದ್ದಿ ಓದಿದವರಿಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಇದು ಯಾವ ವಿಜ್ಞಾನ? ಗಿಡ ಜೀವಶಾಸ್ತ್ರದ್ದು, ಅದರಿಂದ ಬರುವ ಎಣ್ಣೆ ರಸಾಯನಶಾಸ್ತ್ರದ್ದು, ಹೊಲ ಕೃಷಿಯದ್ದು. ಎರಡನೇ ಪ್ರಶ್ನೆ ಇನ್ನೂ ಸರಳ. ತಂಡ ಅಂದರೆ ಯಾರ್ಯಾರು?

ಈ ಗೊಂದಲ ನಮಗೆ ಮಾತ್ರ ಬಂದದ್ದಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರೋಟೀನ್‌ಗಳ ಕೆಲಸಕ್ಕೆ ಹೋಯಿತು. ಅರ್ಧ ಭಾಗ ಡೇವಿಡ್ ಬೇಕರ್‌ಗೆ. ಉಳಿದ ಅರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ, ಪ್ರೋಟೀನ್ ರಚನೆ ಊಹಿಸುವ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂಗಾಗಿ. ಪ್ರೋಟೀನ್ ಜೀವಶಾಸ್ತ್ರದ ಮಾಲು, ಬಹುಮಾನ ರಸಾಯನಶಾಸ್ತ್ರದ್ದು, ಕೆಲಸ ಮಾಡಿದ್ದು ಕಂಪ್ಯೂಟರ್. ಆಲ್ಫಾಫೋಲ್ಡ್‌ನ 2021ರ ಮುಖ್ಯ ಪೇಪರ್ ತೆರೆದು ನೋಡಿದರೆ ಅಲ್ಲಿ 34 ಜನರ ಹೆಸರಿದೆ. ಅವರಲ್ಲಿ 19 ಜನರ ಕೊಡುಗೆ ಸಮಾನ ಅಂತ ಪೇಪರೇ ಹೇಳುತ್ತದೆ. ನೊಬೆಲ್ ಪಡೆಯಲು ಸ್ಟಾಕ್‌ಹೋಮ್‌ಗೆ ಹೋದವರು ಇಬ್ಬರು.

ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಸೇರುವ ಜಾಗದಲ್ಲೇ ಈ ತಕರಾರು ಯಾಕೆ ಇಷ್ಟು ಜಾಸ್ತಿ ಅನ್ನುವುದಕ್ಕೆ ಕಾರಣ ಇದೆ.

ಒಂದು ಬಾಟಲಿ ಎಣ್ಣೆಯ ಹಿಂದೆ

ಲ್ಯಾವೆಂಡರ್‌ನಿಂದಲೇ ಶುರು ಮಾಡೋಣ. ಹೂವಿನ ತೆನೆಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಎಣ್ಣೆ ಬರುತ್ತದೆ. ಅದರ ಬೆಲೆ ನಿಂತಿರುವುದು ಮುಖ್ಯವಾಗಿ ಎರಡು ಪದಾರ್ಥಗಳ ಮೇಲೆ: ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಇವು ಎಷ್ಟಿವೆ ಅಂತ ಮೂಗಿಗೆ ತಿಳಿಯುವುದಿಲ್ಲ. ಗ್ಯಾಸ್ ಕ್ರೊಮಾಟೊಗ್ರಾಫ್ ಯಂತ್ರಕ್ಕೆ ಒಂದು ಹನಿ ಹಾಕಬೇಕು. ಪರದೆ ಮೇಲೆ ಗೆರೆ ಏರಿ ಇಳಿಯುತ್ತದೆ, ಒಂದೊಂದು ಏರಿಗೂ ಒಂದೊಂದು ಪದಾರ್ಥ.

ಆ ಗೆರೆ ಸರಿ ಬರಲಿಲ್ಲ ಅಂದುಕೊಳ್ಳಿ. ತಪ್ಪು ಎಲ್ಲಿದೆ? ಗಿಡದ ತಳಿಯಲ್ಲಿರಬಹುದು. ಕೊಯ್ದ ಹೊತ್ತಿನಲ್ಲಿರಬಹುದು. ಬಟ್ಟಿ ಇಳಿಸುವಾಗ ಹಬೆ ಹೆಚ್ಚು ಹೊತ್ತು ಓಡಿ ಅಸಿಟೇಟ್ ಒಡೆದುಹೋಗಿರಬಹುದು. ತಳಿ ಗೊತ್ತಿರುವವರಿಗೆ ಯಂತ್ರದ ಗೆರೆ ಓದಲು ಬಾರದು. ಗೆರೆ ಓದುವವರು ಹೊಲಕ್ಕೆ ಹೋಗಿರುವುದಿಲ್ಲ. ಇಬ್ಬರೂ ಒಂದೇ ಮೇಜಿಗೆ ಬರುವವರೆಗೆ ಉತ್ತರ ಸಿಗುವುದಿಲ್ಲ. ಈ ಮಿಷನ್‌ನಲ್ಲಿ ಲಖನೌ, ಜಮ್ಮು, ಪಾಲಂಪುರ, ಜೋರ್ಹಾಟ್‌ನ ಸಿಎಸ್‌ಐಆರ್ ಸಂಸ್ಥೆಗಳು ಜೊತೆಯಾದದ್ದು ಇದೇ ಕಾರಣಕ್ಕೆ. ಮುಂದಾಳತ್ವ ವಹಿಸಿದ್ದು ಲಖನೌದ ಸೀಮ್ಯಾಪ್, ಔಷಧಿ ಮತ್ತು ಸುಗಂಧ ಸಸ್ಯಗಳ ಸಂಸ್ಥೆ. ಅದರ ಒಂದು ಕೇಂದ್ರ ಬೆಂಗಳೂರಿನ ಅಲ್ಲಾಳಸಂದ್ರದಲ್ಲೂ ಇದೆ.

ಔಷಧಿ ಸಂಶೋಧನೆಯಲ್ಲೂ ಕಥೆ ಇದೇ. ರಸಾಯನಶಾಸ್ತ್ರದವರು ಒಂದು ಹೊಸ ಅಣು ಕಟ್ಟುತ್ತಾರೆ. ತಿಂಗಳುಗಟ್ಟಲೆ ಕೆಲಸ. ಅದನ್ನು ಜೀವಕೋಶಕ್ಕೆ ಹಾಕಿ ನೋಡುವುದು ಬೇರೆ ಲ್ಯಾಬ್. ಅಲ್ಲಿಂದ ‘ಕೋಶದ ಒಳಗೇ ಹೋಗ್ತಿಲ್ಲ’ ಅಂತ ಸುದ್ದಿ ಬರುತ್ತದೆ. ಅಣುವಿನ ಒಂದು ಮೂಲೆ ಬದಲಿಸಿ ಮತ್ತೆ ಕಳಿಸಬೇಕು. ಹೀಗೆ ಹತ್ತು, ಇಪ್ಪತ್ತು, ಐವತ್ತು ಸುತ್ತು. ಕೊನೆಗೆ ಗೆದ್ದ ಅಣು ಯಾರದ್ದು?

ರಸಾಯನ ಲ್ಯಾಬ್‌ನವರ ಕಣ್ಣಿಗೆ ಜೀವಶಾಸ್ತ್ರದವರು ‘ಟೆಸ್ಟ್ ಮಾಡಿಕೊಟ್ಟವರು’. ಜೀವಶಾಸ್ತ್ರದವರ ಕಣ್ಣಿಗೆ ಇವರು ‘ಸ್ಯಾಂಪಲ್ ಕೊಟ್ಟವರು’. ಇನ್ನೊಬ್ಬರ ಕೆಲಸದ ಕಷ್ಟ ಗೊತ್ತಿಲ್ಲದ ಕಾರಣ ಅದು ಸುಮ್ನೆ ಒಂದು ಸರ್ವಿಸ್ ಥರ ಕಾಣುತ್ತದೆ. ಒಂದೇ ವಿಷಯದ ಒಳಗೆ ಈ ತೊಂದರೆ ಕಡಿಮೆ, ಯಾಕೆಂದರೆ ಪಕ್ಕದವರು ಎಷ್ಟು ಬೆವರು ಸುರಿಸಿದರು ಅಂತ ಅಳೆಯಲು ಎಲ್ಲರಿಗೂ ಬರುತ್ತದೆ. ಗಡಿಯಲ್ಲಿ ಅಳತೆಗೋಲೇ ಬೇರೆ ಬೇರೆ. ಪ್ರಶಸ್ತಿ ಸಮಿತಿಯಲ್ಲಿ ಕೂರುವವರೂ ಯಾವುದೋ ಒಂದು ಕಡೆಯಿಂದಲೇ ಬಂದವರು.

ಒಡೆದ ಫ್ಲಾಸ್ಕು, ಹದಿನಾಲ್ಕು ಕವಲು

ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಕೊಡುವ ಪ್ರಶಸ್ತಿಗಳಲ್ಲಿ ಒಂದರ ಹೆಸರು ‘ರೀಟಾ ಮತ್ತು ಜಾನ್ ಕಾರ್ನ್‌ಫರ್ತ್ ಪ್ರಶಸ್ತಿ’. ರಸಾಯನಶಾಸ್ತ್ರ ಮತ್ತು ಜೀವವಿಜ್ಞಾನ ಸೇರುವ ಜಾಗದಲ್ಲಿ ಕೂಡಿ ಕೆಲಸ ಮಾಡಿದ ತಂಡಗಳಿಗೇ ಮೀಸಲು. ಎರಡು ಹೆಸರು ಯಾಕೆ ಬಂತು ಅನ್ನುವುದರಲ್ಲೇ ನಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಅಡಗಿದೆ.

ಜಾನ್ ಕಾರ್ನ್‌ಫರ್ತ್ ಆಸ್ಟ್ರೇಲಿಯಾದವರು. ಹತ್ತು ವರ್ಷದ ಹುಡುಗನಿದ್ದಾಗಲೇ ಕಿವಿ ಮಂದವಾಗಲು ಶುರುವಾಗಿ, ಮುಂದೆ ಪೂರ್ತಿ ಕೇಳದಾಯಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಓದುವಾಗ ರೀಟಾ ಹ್ಯಾರಡೆನ್ಸ್ ಎಂಬ ವಿದ್ಯಾರ್ಥಿನಿಯ ಕೈಯಲ್ಲಿ ಒಂದು ಕ್ಲೈಸನ್ ಫ್ಲಾಸ್ಕ್ ಒಡೆಯಿತು. ಜಾನ್‌ಗೆ ಗಾಜು ಕಾಯಿಸಿ ಊದುವ ಕೆಲಸ ಗೊತ್ತಿತ್ತು. ಬೆಸೆದು ಕೊಟ್ಟರು. ಪರಿಚಯ ಆದದ್ದು ಹಾಗೆ. 1939ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗುವ ಎರಡು ವಿದ್ಯಾರ್ಥಿವೇತನ ಇದ್ದವು, ಎರಡೂ ಇವರಿಬ್ಬರಿಗೇ ಸಿಕ್ಕವು. 1941ರಲ್ಲಿ ಮದುವೆ.

ಮುಂದೆ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಮೂರನೆಯವರು ಸೇರಿಕೊಂಡರು. ಜಾರ್ಜ್ ಪೋಪ್ಯಾಕ್, ಹಂಗೇರಿಯಿಂದ ಬಂದ ಜೀವರಸಾಯನ ವಿಜ್ಞಾನಿ. ಪ್ರಶ್ನೆ ಇದು: ನಮ್ಮ ಲಿವರ್ ಕೊಲೆಸ್ಟ್ರಾಲನ್ನು ಹೇಗೆ ಕಟ್ಟುತ್ತದೆ? ಮೂಲ ಸಾಮಗ್ರಿ ಮೆವಲೋನಿಕ್ ಆಮ್ಲ ಎಂಬ ಪುಟ್ಟ ಅಣು. ಆರು ಅಣುಗಳನ್ನು ಒಂದಕ್ಕೊಂದು ಜೋಡಿಸಿ ದೇಹ ಸ್ಕ್ವಾಲೀನ್ ಎಂಬ ಉದ್ದದ ಸರ ಮಾಡುತ್ತದೆ, ಆಮೇಲೆ ಅದನ್ನು ಮಡಚಿ ಕೊಲೆಸ್ಟ್ರಾಲ್.

ಮೆವಲೋನಿಕ್ ಆಮ್ಲದ ಮೂರು ಕಾರ್ಬನ್‌ಗಳ ಮೇಲೆ ಎರಡೆರಡು ಹೈಡ್ರೋಜನ್ ಕೂತಿವೆ. ನೋಡಲು ಎರಡೂ ಒಂದೇ. ಆದರೆ ಕಿಣ್ವಕ್ಕೆ ಒಂದೇ ಅಲ್ಲ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿದರೆ ನಮಗೆ ತಿಳಿಯುತ್ತದಲ್ಲ, ಹಾಗೆ ಕಿಣ್ವಕ್ಕೂ ಎಡ ಬಲ ತಿಳಿಯುತ್ತದೆ. ಮೆವಲೋನಿಕ್ ಆಮ್ಲದಿಂದ ಸ್ಕ್ವಾಲೀನ್‌ವರೆಗಿನ ದಾರಿಯಲ್ಲಿ ಇಂಥ 14 ಕವಲು. ಪ್ರತಿ ಕವಲಲ್ಲೂ ಎರಡು ದಾರಿ. ಗುಣಿಸಿದರೆ 16,384 ಸಾಧ್ಯತೆ. ದೇಹ ಹಿಡಿಯುವುದು ಒಂದನ್ನೇ.

ಇದನ್ನು ಪತ್ತೆ ಮಾಡಲು ಒಂದು ಹೈಡ್ರೋಜನ್ ತೆಗೆದು, ಅದೇ ಜಾಗದಲ್ಲಿ ಭಾರವಾದ ಅಥವಾ ವಿಕಿರಣ ಸೂಸುವ ಹೈಡ್ರೋಜನ್ ಕೂರಿಸಬೇಕು. ಎಡಕ್ಕೆ ಅಂದರೆ ಎಡಕ್ಕೇ. ಕಾರ್ನ್‌ಫರ್ತ್ ದಂಪತಿಯ ಕೈಚಳಕ ಇದ್ದದ್ದು ಇಲ್ಲಿ. ಆದರೆ ಹಾಗೆ ಗುರುತು ಹಾಕಿದ ಅಣುವನ್ನು ಸೀಸೆಯಲ್ಲಿ ಇಟ್ಟುಕೊಂಡು ಏನು ಮಾಡುವುದು? ಅದನ್ನು ಮುಂದಿನ ಹಂತಕ್ಕೆ ಒಯ್ಯುವ ಕಿಣ್ವಗಳು ಬೇಕು. ಪೋಪ್ಯಾಕ್ ಇಲಿಯ ಲಿವರ್‌ನಿಂದ ಅವನ್ನು ತೆಗೆದು, ಕೆಡದ ಹಾಗೆ ಕೆಲಸ ಮಾಡಿಸುತ್ತಿದ್ದರು. ಗುರುತು ಹಾಕುವವರಿಗೆ ಲಿವರ್ ಗೊತ್ತಿಲ್ಲ, ಲಿವರ್ ಗೊತ್ತಿದ್ದವರಿಗೆ ಗುರುತು ಹಾಕಲು ಬಾರದು. 14 ಕವಲುಗಳನ್ನೂ ಹೀಗೆ ಒಂದೊಂದಾಗಿ ಬಿಡಿಸಿದರು. 1962ರಲ್ಲಿ ಕೆಂಟ್ ಜಿಲ್ಲೆಯಲ್ಲಿ ಶುರುವಾದ ಮಿಲ್‌ಸ್ಟೆಡ್ ಪ್ರಯೋಗಾಲಯಕ್ಕೆ ಜಾನ್ ಮತ್ತು ಪೋಪ್ಯಾಕ್ ಜಂಟಿ ನಿರ್ದೇಶಕರಾದರು.

ಪ್ರಶಸ್ತಿಗಳು ಬಂದ ಬಗೆ ನೋಡಿ. 1968ರಲ್ಲಿ ರಾಯಲ್ ಸೊಸೈಟಿಯ ಡೇವಿ ಪದಕ ಕಾರ್ನ್‌ಫರ್ತ್ ಮತ್ತು ಪೋಪ್ಯಾಕ್ ಇಬ್ಬರಿಗೂ ಒಟ್ಟಿಗೆ ಬಂತು, ಜಂಟಿ ಕೆಲಸಕ್ಕಾಗಿ ಅಂತ ಹೇಳಿಯೇ ಕೊಟ್ಟರು. ಅದೇ ವರ್ಷ ಪೋಪ್ಯಾಕ್ ಅಮೆರಿಕಕ್ಕೆ ಹೋದರು. 1975ರಲ್ಲಿ ಕಿಣ್ವಗಳ ಎಡ-ಬಲದ ಅಧ್ಯಯನಕ್ಕೆ ನೊಬೆಲ್ ಬಂದಾಗ ಹೆಸರು ಕಾರ್ನ್‌ಫರ್ತ್ ಒಬ್ಬರದ್ದೇ. ಇನ್ನರ್ಧ ಬಹುಮಾನ ಬೇರೆ ಕೆಲಸಕ್ಕಾಗಿ ವ್ಲಾಡಿಮಿರ್ ಪ್ರೆಲಾಗ್ ಅವರಿಗೆ ಹೋಯಿತು. ಒಂದು ನೊಬೆಲನ್ನು ಮೂವರವರೆಗೆ ಹಂಚಬಹುದು, ಹಾಗಾಗಿ ಪಟ್ಟಿಯಲ್ಲಿ ಇನ್ನೊಬ್ಬರಿಗೆ ಜಾಗ ಇತ್ತು. ಪೋಪ್ಯಾಕ್ ಬರಲಿಲ್ಲ, ರೀಟಾ ಕೂಡ ಬರಲಿಲ್ಲ. ಕಾರ್ನ್‌ಫರ್ತ್ ಮಾತ್ರ ಮರೆಯಲಿಲ್ಲ. ನೊಬೆಲ್ ಸಂಸ್ಥೆಗೆ ಬರೆದುಕೊಟ್ಟ ಆತ್ಮಕಥನದಲ್ಲಿ, ತನ್ನ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಜೊತೆಗಿದ್ದವಳು ಹೆಂಡತಿ, ಅವಳ ಪ್ರಯೋಗದ ಕೈಗೆ ಈ ಸಾಧನೆಯಲ್ಲಿ ದೊಡ್ಡ ಪಾಲಿದೆ ಅಂತ ಬರೆದರು.

ಹೆಂಡತಿ ಅಂತ ಸೌಜನ್ಯಕ್ಕೆ ಬರೆದ ಮಾತಲ್ಲ ಅದು. ಕಿವಿ ಕೇಳದವರಿಗೆ ಸೆಮಿನಾರ್ ಹಾಲ್‌ನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಸುವುದೂ ರೀಟಾ ಮಾಡಿದ ಕೆಲಸದಲ್ಲಿ ಸೇರಿತ್ತು. ಅದನ್ನು ಯಾವ ಪೇಪರ್‌ನ ಯಾವ ಮೂಲೆಯಲ್ಲಿ ಬರೆಯುತ್ತೀರಿ?

ಮೂರರ ಬೇಲಿ

ನೊಬೆಲ್ ನಿಯಮದ ಪ್ರಕಾರ ಒಂದು ಬಹುಮಾನವನ್ನು ಮೂರಕ್ಕಿಂತ ಹೆಚ್ಚು ಜನರಿಗೆ ಹಂಚುವ ಹಾಗಿಲ್ಲ. ಶಾಂತಿ ಬಹುಮಾನವನ್ನು ಸಂಸ್ಥೆಗಳಿಗೆ ಕೊಡುತ್ತಾರೆ, ವಿಜ್ಞಾನದಲ್ಲಿ ಆ ರೂಢಿ ಇಲ್ಲ. ಆಲ್ಫ್ರೆಡ್ ನೊಬೆಲ್ 1895ರಲ್ಲಿ ಉಯಿಲು ಬರೆದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಒಬ್ಬ ವ್ಯಕ್ತಿ, ಒಂದು ಶೋಧ. ಆ ಕಾಲದ ಲ್ಯಾಬ್‌ಗಳಿಗೆ ಅದು ಬಹುಮಟ್ಟಿಗೆ ಒಪ್ಪುತ್ತಿತ್ತು.

ಈ ಮೂರರ ಬೇಲಿ ನೊಬೆಲ್‌ಗೆ ಮಾತ್ರ ನಿಲ್ಲಲಿಲ್ಲ ಅನ್ನುವುದೇ ತೊಂದರೆ. ಬೇರೆ ಅನೇಕ ಪ್ರಶಸ್ತಿಗಳಿಗೂ ಅದು ಮಾದರಿ ಆಯಿತು. ಒಂದು ಶೋಧದ ಸುದ್ದಿ ಬರೆಯುವಾಗ, ಪಠ್ಯಪುಸ್ತಕದಲ್ಲಿ ಸೇರಿಸುವಾಗ ನಾವು ಹುಡುಕುವುದು ಒಂದೆರಡು ಹೆಸರನ್ನೇ. ಪ್ರಶಸ್ತಿ ಬಂದವರಿಗೆ ಅನುದಾನ ಸುಲಭ. ಅನುದಾನ ಬಂದರೆ ಒಳ್ಳೆಯ ವಿದ್ಯಾರ್ಥಿಗಳು, ಅದರಿಂದ ಇನ್ನಷ್ಟು ಪೇಪರ್, ಇನ್ನಷ್ಟು ಪ್ರಶಸ್ತಿ. ಪಟ್ಟಿಯ ಹೊರಗೆ ಉಳಿದವರಿಗೆ ಇದೇ ಚಕ್ರ ಹಿಂದಕ್ಕೆ ತಿರುಗುತ್ತದೆ.

2008ರ ನೊಬೆಲ್ ಇದಕ್ಕೆ ಕಣ್ಣಿಗೆ ಕುಕ್ಕುವ ಉದಾಹರಣೆ. ಬಹುಮಾನ ಜೆಲ್ಲಿಮೀನಿನ ಹಸಿರು ಹೊಳೆಯುವ ಪ್ರೋಟೀನ್‌ಗೆ. ಒಸಾಮು ಶಿಮೊಮುರಾ ಅದನ್ನು ಮೊದಲು ಬೇರ್ಪಡಿಸಿದವರು. ಅಮೆರಿಕದ ಪಶ್ಚಿಮ ತೀರದಲ್ಲಿ ಬಲೆ ಹಿಡಿದು ಜೆಲ್ಲಿಮೀನು ಎತ್ತಲು ಅವರ ಹೆಂಡತಿ ಮಕ್ಕಳೂ ಇಳಿಯುತ್ತಿದ್ದರು. ಮಾರ್ಟಿನ್ ಚಾಲ್ಫಿ ಆ ಪ್ರೋಟೀನನ್ನು ಬೇರೆ ಜೀವಿಗಳೊಳಗೆ ಹೊಳೆಯುವಂತೆ ಮಾಡಿದರು. ರೋಜರ್ ಚಿಯೆನ್ ಅದಕ್ಕೆ ಹಲವು ಬಣ್ಣ ಕೊಟ್ಟರು. ಮೂವರು, ಬೇಲಿ ಭರ್ತಿ.

ಆದರೆ ಚಾಲ್ಫಿ ಮತ್ತು ಚಿಯೆನ್ ಕೈಗೆ ಆ ಪ್ರೋಟೀನಿನ ಜೀನ್ ಬಂದದ್ದು ಡಗ್ಲಸ್ ಪ್ರ್ಯಾಷರ್ ಅವರಿಂದ. ಜೀನನ್ನು ಹಿಡಿದು ತೆಗೆದು 1992ರಲ್ಲಿ ಪ್ರಕಟಿಸಿದವರು ಅವರು. ಮುಂದಿನ ಕೆಲಸಕ್ಕೆ ಹಣ ಸಿಗಲಿಲ್ಲ. ಕೇಳಿದವರಿಗೆ ಜೀನ್ ಕಳಿಸಿಕೊಟ್ಟು ಆ ಕೆಲಸ ಬಿಟ್ಟರು. ನೊಬೆಲ್ ಸುದ್ದಿ ಬಂದ ದಿನ ಅವರು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಕಾರು ಮಾರುವ ಅಂಗಡಿಯೊಂದರ ಗಿರಾಕಿಗಳನ್ನು ವ್ಯಾನ್‌ನಲ್ಲಿ ಕರೆದೊಯ್ಯುವ ಚಾಲಕ. ಚಾಲ್ಫಿ ಮತ್ತು ಚಿಯೆನ್ ತಮ್ಮ ಖರ್ಚಿನಲ್ಲಿ ಅವರನ್ನು ಸಮಾರಂಭಕ್ಕೆ ಕರೆಸಿಕೊಂಡರು. ಆಮೇಲೆ ಪ್ರ್ಯಾಷರ್ ಕೆಲ ಕಾಲ ಚಿಯೆನ್ ಅವರ ಲ್ಯಾಬ್‌ನಲ್ಲೇ ಕೆಲಸಕ್ಕೆ ಸೇರಿದರು.

ಮೂವರಲ್ಲಿ ಯಾರನ್ನು ತೆಗೆದು ಪ್ರ್ಯಾಷರ್‌ಗೆ ಕೊಡಬೇಕಿತ್ತು ಅಂತ ಕೇಳಿದರೆ ಉತ್ತರ ಇಲ್ಲ. ಮೂವರೂ ಅರ್ಹರೇ. ತಪ್ಪು ಆಯ್ಕೆಯದ್ದಲ್ಲ, ಬೇಲಿಯದ್ದು.

ಜೀನ್‌ಗಳನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಕಥೆಯಲ್ಲೂ ಇಂಥದ್ದಿದೆ. 2012ರ ಪೇಪರ್‌ನಲ್ಲಿ ಆರು ಜನ. ಮೊದಲ ಹೆಸರು ಮಾರ್ಟಿನ್ ಯಿನೆಕ್, ಅವರಿಗೆ ಸಮಾನ ಪಾಲು ಕ್ರಿಸ್ಟೊಫ್ ಖಿಲಿನ್ಸ್ಕಿ. 2020ರ ನೊಬೆಲ್ ಲ್ಯಾಬ್ ಮುಖ್ಯಸ್ಥರಾದ ಷಾರ್ಪೆಂತಿಯೆ ಮತ್ತು ಡೌಡ್ನಾ ಅವರಿಗೆ. ಆ ಬಾರಿ ಮೂರನೇ ಕುರ್ಚಿ ಖಾಲಿ ಇತ್ತು. 2018ರ ಕಾವ್ಲಿ ಪ್ರಶಸ್ತಿ ಮಾತ್ರ ಅದೇ ಶೋಧಕ್ಕೆ ಲಿಥುವೇನಿಯಾದ ವಿರ್ಗಿನಿಯುಸ್ ಶಿಕ್ಷ್ನಿಸ್ ಅವರನ್ನೂ ಸೇರಿಸಿ ಮೂವರಿಗೆ ಬಂದಿತ್ತು.

ಒಬ್ಬರಿಗೇ ಕೊಡಿ ಅನ್ನುವವರ ವಾದ

ಇವರನ್ನು ಹಳೇ ಕಾಲದವರು ಅಂತ ತಳ್ಳಿಹಾಕುವುದು ಸುಲಭ. ಆದರೆ ಅವರ ಮಾತಿನಲ್ಲಿ ಹುರುಳಿದೆ.

ತಂಡದಲ್ಲಿ ಎಲ್ಲರ ಪಾಲೂ ಒಂದೇ ಅಲ್ಲ. ಯಾವ ಪ್ರಶ್ನೆ ಹಿಡಿಯಬೇಕು, ಯಾವಾಗ ಕೈ ಬಿಡಬೇಕು ಅಂತ ತೀರ್ಮಾನ ಮಾಡಿದವರು ಒಬ್ಬರೋ ಇಬ್ಬರೋ. ಕೆಟ್ಟರೆ ಹೆಸರು ಕೆಡುವುದೂ ಅವರದ್ದೇ. ಎಲ್ಲರಿಗೂ ಸಮ ಹಂಚಿದರೆ ಆ ಧೈರ್ಯಕ್ಕೆ ಬೆಲೆ ಇಲ್ಲ. ಹೆಸರು ಸೇರಿಸಿಕೊಳ್ಳುವ ಚಟಕ್ಕೂ ದಾರಿ ಆಗುತ್ತದೆ. ವಿಭಾಗದ ಮುಖ್ಯಸ್ಥರು ಅನ್ನುವ ಒಂದೇ ಕಾರಣಕ್ಕೆ ಪೇಪರ್‌ನಲ್ಲಿ ಹೆಸರು ಬರುವುದು ನಮ್ಮಲ್ಲಿ ಗುಟ್ಟೇನಲ್ಲ ಅಲ್ವಾ? ತಂಡ ಪ್ರಶಸ್ತಿ ಅಂಥವರಿಗೆ ಹಬ್ಬ.

ಹಣದ ಲೆಕ್ಕವೂ ತಮಾಷೆ ಆಗಿಬಿಡುತ್ತದೆ. 2016ರಲ್ಲಿ ಗುರುತ್ವ ಅಲೆ ಪತ್ತೆ ಮಾಡಿದ ಲೈಗೋಗೆ ವಿಶೇಷ ಬ್ರೇಕ್‌ಥ್ರೂ ಪ್ರಶಸ್ತಿ ಬಂತು, 30 ಲಕ್ಷ ಡಾಲರ್. ಸ್ಥಾಪಕರು ಮೂವರಿಗೆ 10 ಲಕ್ಷ. ಉಳಿದ 20 ಲಕ್ಷ 1,012 ಜನಕ್ಕೆ, ತಲೆಗೆ ಹೆಚ್ಚುಕಡಿಮೆ 2,000 ಡಾಲರ್. 2025ರಲ್ಲಿ ಇದೇ ಬಳಗ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಪ್ರಯೋಗಗಳ 13,000ಕ್ಕೂ ಹೆಚ್ಚು ಜನರನ್ನು ಗೌರವಿಸಿತು. ಹಣ ಹಂಚುವ ಗೋಜಿಗೆ ಹೋಗದೆ ಸರ್ನ್‌ನ ಪ್ರತಿಷ್ಠಾನಕ್ಕೆ ಕೊಟ್ಟರು.

ಭೌತಶಾಸ್ತ್ರದ ಈ ದೈತ್ಯ ತಂಡಗಳ ಅಳತೆಯನ್ನು ರಸಾಯನ-ಜೀವಶಾಸ್ತ್ರಕ್ಕೆ ಹಾಕುವುದು ಸರಿಯಲ್ಲ. ಇಲ್ಲಿ ತಂಡ ಅಂದರೆ ಎಷ್ಟೋ ಸಲ ಹತ್ತು, ಇಪ್ಪತ್ತು, ಮೂವತ್ತು ಜನ. ಯಾರು ಏನು ಮಾಡಿದರು ಅಂತ ಒಂದೇ ಹಾಳೆಯಲ್ಲಿ ಬರೆಯಬಹುದು. ಬರೆಯುವುದಿಲ್ಲ ಅಷ್ಟೆ.

ಬ್ರಿಟನ್ನಿನಲ್ಲಿ ಮಾಡಿದ್ದು

ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ತನ್ನ ಪ್ರಶಸ್ತಿ ಪದ್ಧತಿಯನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಿ 2019ರಲ್ಲಿ ಫಲಿತಾಂಶ ಹೊರಗಿಟ್ಟಿತು. ಈಗಿನ ವಿಜ್ಞಾನ ನಡೆಯುವ ರೀತಿಗೂ ಪ್ರಶಸ್ತಿ ಕೊಡುವ ರೀತಿಗೂ ತಾಳೆ ಆಗುತ್ತಿಲ್ಲ ಅನ್ನುವುದು ಅದರ ತಿರುಳು. 2021ರಿಂದ ‘ಹೊರೈಜನ್ ಪ್ರೈಜ್’ ಅನ್ನುವ ಹೊಸ ಗುಂಪು ಶುರುವಾಯಿತು. ಇವು ತಂಡಗಳಿಗೇ. ರೀಟಾ ಮತ್ತು ಜಾನ್ ಕಾರ್ನ್‌ಫರ್ತ್ ಪ್ರಶಸ್ತಿಯೂ ಈ ಗುಂಪಿಗೆ ಬಂತು. ವ್ಯಕ್ತಿಗಳಿಗೆ ಕೊಡುವ ಪ್ರಶಸ್ತಿಗಳನ್ನೂ ಉಳಿಸಿಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ತಂಡದವರ ಹೆಸರುಗಳನ್ನು ಒಬ್ಬೊಬ್ಬರದ್ದಾಗಿ ಅಚ್ಚು ಹಾಕುವುದನ್ನು. ಪ್ರೊಫೆಸರ್ ಪಕ್ಕದಲ್ಲೇ ಪಿಎಚ್‌ಡಿ ವಿದ್ಯಾರ್ಥಿ, ಅವರ ಪಕ್ಕ ಟೆಕ್ನಿಷಿಯನ್, ಇನ್ನೊಂದು ಸಂಸ್ಥೆಯವರು, ಕಂಪನಿಯವರು. ನಾಳೆ ಆ ವಿದ್ಯಾರ್ಥಿ ಕೆಲಸಕ್ಕೆ ಅರ್ಜಿ ಹಾಕಿದರೆ, ಹೆಸರು ಹುಡುಕಿದವರಿಗೆ ಪ್ರಶಸ್ತಿ ಪುಟದಲ್ಲೇ ಸಿಗುತ್ತದೆ.

ಆದರೆ ಇದೂ ಅರ್ಧ ದಾರಿಯೇ. ಹೆಸರು ಇದೆ, ಕೆಲಸ ಯಾವುದು?

ಹಿಮ್ಮೇಳದವರ ಹೆಸರು

ಕರಾವಳಿ, ಮಲೆನಾಡಿನ ಯಾವುದಾದರೂ ಯಕ್ಷಗಾನದ ಪೋಸ್ಟರ್ ನೋಡಿ. ಭಾಗವತರು ಇವರು, ಚೆಂಡೆ ಇವರು, ಮದ್ದಳೆ ಇವರು. ಕೆಳಗೆ ಮುಮ್ಮೇಳ, ಯಾವ ಪಾತ್ರಕ್ಕೆ ಯಾರು. ಪ್ರಸಂಗ ಗೆದ್ದರೆ ಯಾರಿಂದ ಗೆದ್ದಿತು ಅಂತ ಬೆಳಗಿನ ತನಕ ಜಗಳ ಆಡಬಹುದು, ಆದರೆ ಮದ್ದಳೆ ಬಾರಿಸಿದ್ದು ಯಾರು ಅನ್ನುವುದರಲ್ಲಿ ಗೊಂದಲ ಇರುವುದಿಲ್ಲ. ವಿಜ್ಞಾನದ ಪೇಪರ್ ಈ ಮಟ್ಟಕ್ಕೆ ಬರಲು ತುಂಬಾ ವರ್ಷ ತೆಗೆದುಕೊಂಡಿತು.

ಈಗ ಅನೇಕ ಜರ್ನಲ್‌ಗಳು ‘ಕ್ರೆಡಿಟ್’ ಎಂಬ ಪದ್ಧತಿ ಬಳಸುತ್ತವೆ. ಅದರಲ್ಲಿ 14 ಬಗೆಯ ಕೆಲಸಗಳ ಪಟ್ಟಿ ಇದೆ: ಐಡಿಯಾ ಹೊಳೆದವರು, ಪ್ರಯೋಗ ಮಾಡಿದವರು, ಸಾಫ್ಟ್‌ವೇರ್ ಬರೆದವರು, ಡೇಟಾ ಜೋಡಿಸಿಟ್ಟವರು, ಹಣ ತಂದವರು, ಮೊದಲ ಕರಡು ಬರೆದವರು, ಹೀಗೆ. ಒಬ್ಬೊಬ್ಬರ ಹೆಸರಿನ ಮುಂದೆ ಅವರ ಕೆಲಸ. 2022ರಲ್ಲಿ ಇದಕ್ಕೆ ಅಮೆರಿಕದ ರಾಷ್ಟ್ರೀಯ ಮಾನದಂಡದ ಮಾನ್ಯತೆಯೂ ಸಿಕ್ಕಿತು.

ಇದರಲ್ಲಿ ಲೋಪ ಇಲ್ಲ ಅಂತಲ್ಲ. ಪಟ್ಟಿ ತುಂಬುವವರು ಹೆಚ್ಚಾಗಿ ಲ್ಯಾಬ್ ಮುಖ್ಯಸ್ಥರೇ. ಅವರ ಎದುರು ‘ಸಾರ್, ಐಡಿಯಾ ನಂದು’ ಅನ್ನುವ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗೆ ಇರುತ್ತದೆ? ಆದರೂ ಬರವಣಿಗೆಯಲ್ಲಿ ಇದ್ದರೆ ಪ್ರಶ್ನೆ ಕೇಳಲು ಒಂದು ಆಧಾರ ಸಿಗುತ್ತದೆ. ಗಡಿಯ ಎರಡೂ ಕಡೆಯವರಿಗೆ ಇದು ಇನ್ನೂ ಮುಖ್ಯ. ‘ಸ್ಯಾಂಪಲ್ ಕೊಟ್ಟವರು’ ಅನ್ನುವ ಜಾಗದಲ್ಲಿ ‘ವಿಧಾನ ರೂಪಿಸಿದವರು’ ಅಂತ ಬಂದರೆ ಇಡೀ ಚಿತ್ರ ಬದಲಾಗುತ್ತದೆ.

ನಮ್ಮ 70-30 ಲೆಕ್ಕ

ಭಾರತದಲ್ಲಿ 1958ರಿಂದ ಯುವ ವಿಜ್ಞಾನಿಗಳು ಕಣ್ಣಿಟ್ಟಿದ್ದದ್ದು ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿಯ ಮೇಲೆ. ವಯಸ್ಸು 45ರ ಒಳಗಿರಬೇಕಿತ್ತು, ವಿಷಯಕ್ಕೆ ಹೆಚ್ಚೆಂದರೆ ಇಬ್ಬರು. ರಸಾಯನ ವಿಜ್ಞಾನ ಒಂದು ಪಟ್ಟಿ, ಜೀವವಿಜ್ಞಾನ ಇನ್ನೊಂದು. ನಡುವಿನವರು ಯಾವ ಸಾಲಲ್ಲಿ ನಿಲ್ಲಬೇಕು ಅಂತ ಮೊದಲೇ ಲೆಕ್ಕ ಹಾಕಬೇಕಿತ್ತು. ಈಗ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಒಳಗೆ ‘ವಿಜ್ಞಾನ ಯುವ’ ವಿಭಾಗ ಆಗಿದೆ. ಜೊತೆಗೆ ‘ವಿಜ್ಞಾನ ಟೀಮ್’ ಹೊಸದಾಗಿ ಬಂತು. ನಗದು ಇಲ್ಲ, ಪದಕ ಮತ್ತು ಪ್ರಶಸ್ತಿಪತ್ರ. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರ ತಂಡ ಆಗಿರಬೇಕು ಅನ್ನುವುದು ನಿಯಮ. ನೊಬೆಲ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇದು ಶುರು.

2024ರಲ್ಲಿ ಮೊದಲ ಬಾರಿಗೆ ತಂಡ ಪುರಸ್ಕಾರ ಚಂದ್ರಯಾನ-3ಕ್ಕೆ ಬಂತು. ರಾಷ್ಟ್ರಪತಿ ಭವನದಲ್ಲಿ ಅದನ್ನು ಸ್ವೀಕರಿಸಿದವರು ಯೋಜನಾ ನಿರ್ದೇಶಕ ವೀರಮುತ್ತುವೇಲ್. ಅದೇ ವೇದಿಕೆಯಲ್ಲಿ ‘ವಿಜ್ಞಾನ ರತ್ನ’ ಪಡೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್. ಎರಡೂ ಬೆಂಗಳೂರಿಗೆ ನಂಟಿರುವ ಗೌರವ. ಒಂದರಲ್ಲಿ ವ್ಯಕ್ತಿ ಕಾಣುತ್ತಾರೆ, ಇನ್ನೊಂದರಲ್ಲಿ ಯೋಜನೆಯ ಹೆಸರು ಕಾಣುತ್ತದೆ.

ಆದರೆ ಸಾಮಾನ್ಯ ಸಂಶೋಧಕರ ಬದುಕು ನಿರ್ಧಾರ ಆಗುವುದು ರಾಷ್ಟ್ರಪತಿ ಭವನದಲ್ಲಲ್ಲ, ಬಡ್ತಿಯ ಅಂಕಪಟ್ಟಿಯಲ್ಲಿ. ಯುಜಿಸಿಯ 2018ರ ನಿಯಮದಲ್ಲಿ ವಿಜ್ಞಾನದ ಒಂದು ಪೇಪರ್‌ಗೆ 8 ಅಂಕ. ಒಬ್ಬರೇ ಬರೆದರೆ ಪೂರ್ತಿ 8. ಇಬ್ಬರಾದರೆ ತಲಾ ಶೇ 70. ಇಬ್ಬರಿಗಿಂತ ಜಾಸ್ತಿ ಆದರೆ ಫಸ್ಟ್ ಆಥರ್, ಪ್ರಿನ್ಸಿಪಲ್ ಅಥವಾ ಕರೆಸ್ಪಾಂಡಿಂಗ್ (ಜರ್ನಲ್ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವ) ಆಥರ್‌ಗೆ ಶೇ 70, ಅಂದರೆ 5.6. ಉಳಿದ ಪ್ರತಿಯೊಬ್ಬರಿಗೆ ಶೇ 30, ಅಂದರೆ 2.4.

ಈಗ ಒಂದು ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕಿಯನ್ನು ಊಹಿಸಿಕೊಳ್ಳಿ. ಜೀವಶಾಸ್ತ್ರದ ಲ್ಯಾಬ್ ಒಂದಕ್ಕೆ ಅಣುಗಳನ್ನು ಕಟ್ಟಿಕೊಟ್ಟು ಐದು ಪೇಪರ್‌ನಲ್ಲಿ ನಡುವಿನ ಹೆಸರಾದರು. ಸಿಗುವುದು 12 ಅಂಕ. ಜರ್ನಲ್‌ನ ತೂಕಕ್ಕೆ ಸಿಗುವ ಹೆಚ್ಚುವರಿ ಅಂಕ ಪಕ್ಕಕ್ಕಿಡಿ. ಪಕ್ಕದ ಕೋಣೆಯವರು ಯಾರ ಜೊತೆಗೂ ಸೇರದೆ ಎರಡು ಸಣ್ಣ ಪೇಪರ್ ಬರೆದರೆ 16. ಯಾರಿಗೆ ಬುದ್ಧಿ ಹೇಳಬೇಕು? ಗಡಿ ದಾಟಿ ಕೆಲಸ ಮಾಡಿ ಅಂತ ಭಾಷಣದಲ್ಲಿ ಹೇಳುತ್ತೇವೆ. ಅಂಕಪಟ್ಟಿ ನಿಮ್ಮ ಕೋಣೆಯಲ್ಲೇ ಇರಿ ಅನ್ನುತ್ತದೆ.

ಹೆಸರು ಒಬ್ಬರ ಮೇಲೆ ಕೂರುವುದು ನಮ್ಮಲ್ಲಿ ಹೊಸದೂ ಅಲ್ಲ. ಪ್ರೋಟೀನ್ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅಂತ ತೋರಿಸುವ ನಕ್ಷೆ ಮದ್ರಾಸಿನಲ್ಲಿ ಹುಟ್ಟಿತು. ಲೋಕವೆಲ್ಲ ಅದನ್ನು ರಾಮಚಂದ್ರನ್ ನಕ್ಷೆ ಅನ್ನುತ್ತದೆ. 1963ರ ಪೇಪರ್‌ನಲ್ಲಿ ಮೂವರ ಹೆಸರಿದೆ: ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ಮುಂದೆ ರಾಮಚಂದ್ರನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು, ಉಳಿದಿಬ್ಬರೂ ಅಲ್ಲೇ ದುಡಿದರು. ಕಂಪ್ಯೂಟರ್ ಊಹಿಸಿದ ಪ್ರೋಟೀನ್ ರಚನೆ ಸರಿ ಇದೆಯೇ ಅಂತ ಇವತ್ತಿಗೂ ಈ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ.

ಆಲ್ಫಾಫೋಲ್ಡ್ ಪಾಠ ಕಲಿತದ್ದಾದರೂ ಎಲ್ಲಿಂದ? 1971ರಲ್ಲಿ 7 ರಚನೆಗಳಿಂದ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. ಐವತ್ತು ವರ್ಷ ಸಾವಿರಾರು ಲ್ಯಾಬ್‌ಗಳವರು ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಒಂದೊಂದೇ ರಚನೆ ತಂದು ಅಲ್ಲಿ ಸೇರಿಸಿದರು. ಒಂದು ರಚನೆಗೆ ಒಬ್ಬ ವಿದ್ಯಾರ್ಥಿಯ ಇಡೀ ಪಿಎಚ್‌ಡಿ ಹೋದದ್ದುಂಟು. ಆ ತಂಡಕ್ಕೆ ಯಾವ ನಿಯಮದಲ್ಲಿ ಪ್ರಶಸ್ತಿ ಕೊಡುವುದು?

ಮುಂದೆ ಏನಾಗಬಹುದು

ನೊಬೆಲ್ ನಿಯಮ ಸದ್ಯಕ್ಕೆ ಬದಲಾಗುವ ಸೂಚನೆ ಇಲ್ಲ. ಅದರ ಪ್ರತಿಷ್ಠೆ ಇರುವುದೇ ಹೆಸರು ಕಡಿಮೆ ಇರುವುದರಲ್ಲಿ. ಬದಲಾವಣೆ ಬರುವುದಿದ್ದರೆ ಅದರ ಸುತ್ತಲಿನ ಪ್ರಶಸ್ತಿಗಳಲ್ಲಿ.

ತಂಡ ಪ್ರಶಸ್ತಿಗಳು ಹೆಚ್ಚಾದರೆ ಒಳ್ಳೆಯ ಪರಿಣಾಮ ಒಂದು ಖಂಡಿತ. ಬೇರೆ ವಿಭಾಗದವರ ಜೊತೆ ಕೈ ಜೋಡಿಸಿದರೆ ಹೆಸರು ಕಳೆದುಹೋಗುತ್ತದೆ ಅನ್ನುವ ಭಯ ಸ್ವಲ್ಪ ಇಳಿಯುತ್ತದೆ. ಆದರೆ ತಂಡದ ಹೆಸರು ಮಾತ್ರ ಕೊಟ್ಟು ಕೈ ತೊಳೆದುಕೊಂಡರೆ ಪರಿಣಾಮ ತಿರುಗುಮುರುಗು. ವ್ಯಕ್ತಿ ಪ್ರಶಸ್ತಿಯಲ್ಲಿ ಕಡೇಪಕ್ಷ ಒಬ್ಬರಾದರೂ ಕಾಣುತ್ತಿದ್ದರು. ಹೆಸರಿಲ್ಲದ ತಂಡದಲ್ಲಿ ಯಾರೂ ಕಾಣುವುದಿಲ್ಲ, ವೇದಿಕೆ ಹತ್ತಿದ ಮುಖ್ಯಸ್ಥರನ್ನು ಬಿಟ್ಟು. ಗುಂಪಿನ ಫೋಟೋ ಹಾಕಿ ಕೆಳಗೆ ಹೆಸರು ಬರೆಯದ ಹಾಗೆ.

ಅರೋಮಾ ಮಿಷನ್‌ನ ಕಿರಿಯ ಸಂಶೋಧಕರೊಬ್ಬರು ನಾಳೆ ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಾರೆ ಅಂದುಕೊಳ್ಳಿ. ಸಾಧನೆ ಅನ್ನುವ ಕಾಲಂನಲ್ಲಿ ‘ರಾಷ್ಟ್ರೀಯ ವಿಜ್ಞಾನ ಪುರಸ್ಕಾರ 2025, ತಂಡ’ ಅಂತ ಬರೆಯುತ್ತಾರೆ. ಸಂದರ್ಶನದಲ್ಲಿ ಎದುರಿಗೆ ಕೂತವರು ಕನ್ನಡಕ ಸರಿಮಾಡಿಕೊಂಡು ಕೇಳುವುದು ಒಂದೇ ಮಾತು: ‘ಅದರಲ್ಲಿ ನಿಮ್ಮ ಕೆಲಸ ಏನಿತ್ತು?’ ಸರ್ಕಾರ ಪ್ರಕಟಿಸಿದ ಪಟ್ಟಿಯ ಆ ಒಂದು ಸಾಲಿನಲ್ಲಿ ಇದಕ್ಕೆ ಉತ್ತರ ಇಲ್ಲ.